ಕಡಲೆ ಹೊಲದಾಗಿನ ಬೂದಿ ಬಣ್ಣದ ಗೂಡು

ನಮ್ಮ ಊರು ಮಂಠಾಳ. ಇದು ಬೀದರ ಜಿಲ್ಲೆಯ ಬಸವಕಲ್ಯಾಣ ತಾಲೂಕಿನಲ್ಲಿದೆ. ನಮ್ಮ ಕಡೆ ಮಳೆಗಾಲಕ್ಕೆ ತೊಗರಿ, ಸೋಯಾ, ಹೆಸರು, ಉದ್ದು ಬೆಳೆಯುತ್ತಾರೆ. ಹಿಂಗಾರಿಗೆ ಕಡಲೆ, ಬಿಳಿಜೋಳ ಬಿತ್ತುತ್ತಾರೆ. ನಮ್ಮದು ಎರಡು ಎಕರೆ ಹೊಲ. ಈ ಸಲ ಅದರಲ್ಲಿ ಕಡಲೆ ಹಾಕಿದ್ದೇವೆ. ಆ ಹೊಲದಲ್ಲಿ ನಾನು ಗುರುತು ಹಿಡಿದ ಒಂದು ಸಣ್ಣ ಕಣಜದ ಬಗ್ಗೆ ಇಲ್ಲಿ ಬರೆಯುತ್ತೇನೆ.

ಕಡಲೆ ಗಿಡದ ಎಲೆ ಹುಳಿ ಇರುತ್ತದೆ. ಬೆಳಿಗ್ಗೆ ಬರಿಗಾಲಲ್ಲಿ ಹೊಲದಾಗ ನಡೆದರೆ ಕಾಲು ಉರಿಯುತ್ತವೆ. ಇಷ್ಟು ಹುಳಿ ಇದ್ದರೂ ಹಸಿರು ಕೀಡಿ ಅದನ್ನು ಬಿಡುವುದಿಲ್ಲ. ಈ ಕೀಡಿ ಒಂದು ಪತಂಗದ ಮರಿ. ಪತಂಗ ರಾತ್ರಿ ಹಾರಾಡಿ ಗಿಡದ ಮೇಲೆ ಒಂದೊಂದೇ ತತ್ತಿ ಇಡುತ್ತದೆ. ಕೀಡಿ ಸಣ್ಣದಿದ್ದಾಗ ಎಲೆ ತಿನ್ನುತ್ತದೆ. ದೊಡ್ಡದಾದ ಮೇಲೆ ಕಾಯಿಗೆ ತೂತು ಕೊರೆದು, ತಲೆ ಒಳಗೆ ಹಾಕಿ ಕಾಳು ತಿನ್ನುತ್ತದೆ. ಅದಕ್ಕೇ ಕಾಯಿಕೊರಕ ಅನ್ನುತ್ತಾರೆ. ಹೆಲಿಕೊವರ್ಪಾ ಆರ್ಮಿಜೆರಾ ಎಂಬುದು ಅದರ ವೈಜ್ಞಾನಿಕ ಹೆಸರು. ತೊಗರಿಗೂ ಇದೇ ಕೀಡಿ ಬೀಳುತ್ತದೆ.

ಈ ಕೀಡಿಯ ಹೆಸರು ತೆಗೆದರೆ ನಮ್ಮ ಮುತ್ಯಾ ಸುಮ್ಮನಾಗುತ್ತಾನೆ. 1997-98ರಲ್ಲಿ ಬೀದರ, ಕಲಬುರಗಿ ಕಡೆ ತೊಗರಿ ಬೆಳೆಯನ್ನು ಇದು ಹಾಳು ಮಾಡಿತ್ತು. ಸಾಲ ತೀರಿಸಲಾಗದೆ ನಮ್ಮ ಜಿಲ್ಲೆಯಲ್ಲಿ ರೈತರು ಜೀವ ಕಳೆದುಕೊಂಡರು. "ಎಷ್ಟು ಎಣ್ಣಿ ಹೊಡದ್ರೂ ಕೀಡಿ ಸಾಯ್ಲಿಲ್ಲವ್ವ. ಎಣ್ಣಿ ಸಾಲನೂ ಉಳೀತು, ಕೀಡಿನೂ ಉಳೀತು" ಎಂದು ಮುತ್ಯಾ ಹೇಳುತ್ತಾನೆ. ಒಂದೇ ತರಹದ ಔಷಧ ಮತ್ತೆ ಮತ್ತೆ ಹೊಡೆದರೆ ಕೀಡಿಗಳಿಗೆ ಅದನ್ನು ತಡೆದುಕೊಳ್ಳುವ ಶಕ್ತಿ ಬರುತ್ತದೆ ಎಂದು ನಮ್ಮ ವಿಜ್ಞಾನ ಸರ್ ತಿಳಿಸಿದರು. ಆದ್ದರಿಂದ ಕಡಲೆಯಲ್ಲಿ ಕೀಡಿ ಕಂಡ ದಿನ ಮನೆಯಲ್ಲಿ ಎಲ್ಲರ ಮುಖ ಸಣ್ಣದಾಗುತ್ತದೆ.

ಅವ್ವನ ಜೊತೆ ಕಡ್ಲಿ ಪಲ್ಯಕ್ಕೆ ಕುಡಿ ಚೂಟಲು ಹೋದಾಗ ಎಲೆಗೆ ಅಂಟಿದ ಒಂದು ಗೂಡು ನೋಡಿದೆ. ಅಕ್ಕಿಕಾಳಿನಷ್ಟು ಇತ್ತು. ಬಣ್ಣ ಬೂದಿ ಬಿಳುಪು. ಅದರ ಪಕ್ಕಕ್ಕೆ ಒಂದು ಸಣ್ಣ ಕೀಡಿಯ ಒಣಗಿದ ಚರ್ಮ ಅಂಟಿತ್ತು. "ಇದೂ ಕೀಡಿ ತತ್ತೀನೇ ಇರಬೇಕು, ತಿಕ್ಕಿ ಹಾಕು" ಅಂದಳು ಅವ್ವ. ಆದರೆ ಕೀಡಿಯ ತತ್ತಿ ಸಾಸಿವೆಗಿಂತ ಸಣ್ಣದು. ಮತ್ತೆ ಇಲ್ಲಿ ಕೀಡಿ ಯಾಕೆ ಸತ್ತಿತು? ನಾನು ಅಂಥ ಎರಡು ಗೂಡುಗಳನ್ನು ಎಲೆ ಸಮೇತ ತಂದು ಗಾಜಿನ ಬಾಟಲಿಯಲ್ಲಿ ಇಟ್ಟೆ. ಬಾಯಿಗೆ ತೆಳು ಬಟ್ಟೆ ಕಟ್ಟಿದೆ.

ಎಂಟನೆಯ ದಿನ ಒಂದು ಗೂಡಿನ ತುದಿ ತೆರೆದಿತ್ತು. ಬಾಟಲಿಯಲ್ಲಿ ಒಂದು ಕರಿ ಹುಳ ಓಡಾಡುತ್ತಿತ್ತು. ಇರುವೆಗೆ ರೆಕ್ಕೆ ಬಂದಂಗ ಕಾಣುತ್ತಿತ್ತು. ಸೊಂಟ ಬಹಳ ಸಣ್ಣ. ಕಾಲು ಕೆಂಪು ಹಳದಿ. ತಲೆಯ ಮೇಲಿನ ಎರಡು ಉದ್ದ ಮೀಸೆಗಳು ಒಂದು ನಿಮಿಷವೂ ಸುಮ್ಮನಿರಲಿಲ್ಲ. ಮರುದಿನ ಇನ್ನೊಂದು ಹೊರಬಂತು. ಅದನ್ನು ಹೊಲದಲ್ಲಿ ಬಿಟ್ಟುಬಂದೆ. ಮೊದಲಿನದು ಬಾಟಲಿಯಲ್ಲೇ ಸತ್ತಿತ್ತು. ಅದನ್ನು ಸರ್ ಹತ್ತಿರ ಒಯ್ದೆ.

ಸರ್ ಭೂತಗನ್ನಡಿ ಕೊಟ್ಟು, "ಹೆಸರು ಆಮೇಲೆ ಹೇಳ್ತೀನಿ, ಮೊದಲು ಗುರುತು ಬರಿ" ಅಂದರು. ನಾನು ನಾಲ್ಕು ಗುರುತು ಬರೆದೆ.

1. ಸತ್ತ ಕೀಡಿ ಸಣ್ಣದು, ಇನ್ನೂ ಕಾಯಿ ಕೊರೆಯುವಷ್ಟು ಬೆಳೆದಿಲ್ಲ.
2. ಒಂದು ಕೀಡಿಗೆ ಒಂದೇ ಗೂಡು. ಕೆಲವು ಬೇರೆ ಕಣಜಗಳದು ಒಂದೇ ಕೀಡಿಯಿಂದ ಹತ್ತಾರು ಗೂಡುಗಳು ಗುಂಪಾಗಿ ಬರುತ್ತವೆ.
3. ಗೂಡು ಬೂದಿ ಬಿಳುಪು, ಪಕ್ಕದಲ್ಲೇ ಕೀಡಿಯ ಚರ್ಮ.
4. ಮುಂದಿನ ರೆಕ್ಕೆಯಲ್ಲಿ ನರಗಳು ಕೂಡಿ ಕುದುರೆ ಮುಖದಂಥ ಒಂದು ಮನೆ ಆಗಿದೆ.

ನಾಲ್ಕನೆಯದನ್ನು ಸರ್ ತೋರಿಸಿದ ಮೇಲೆ ನನಗೆ ಕಂಡಿತು. ಅದು ಇಕ್ನ್ಯುಮೋನಿಡ್ ಎಂಬ ಕಣಜ ಕುಟುಂಬದ ಗುರುತಂತೆ. ಕಡಲೆ ಹೊಲದ ಹಸಿರು ಕೀಡಿಯಲ್ಲಿ ಹೀಗೆ ಒಂದೇ ಗೂಡು ಕಟ್ಟುವ ಈ ಕುಟುಂಬದ ಕಣಜ ಹೆಚ್ಚಾಗಿ ಕಾಂಪೊಲೆಟಿಸ್ ಕ್ಲೋರಿಡಿಯೇ ಎಂದು ಸರ್ ಹೇಳಿದರು. ಜಪಾನಿನ ಉಚಿದಾ ಎಂಬ ವಿಜ್ಞಾನಿ 1957ರಲ್ಲಿ ಅದಕ್ಕೆ ಆ ಹೆಸರಿಟ್ಟರು. ಪೂರ್ತಿ ಖಾತ್ರಿಗೆ ಸೂಕ್ಷ್ಮದರ್ಶಕ ಬೇಕು. ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ಕೀಟಗಳ ರಾಷ್ಟ್ರೀಯ ಬ್ಯೂರೋ ಇದೆ, ಅಲ್ಲಿ ಇಂಥ ಕೀಟಗಳನ್ನು ಗುರುತಿಸುವವರು ಇದ್ದಾರೆ. ನಮ್ಮ ಹುಳವನ್ನು ಸಣ್ಣ ಡಬ್ಬಿಯಲ್ಲಿ ದಿನಾಂಕ, ಊರು, ಬೆಳೆಯ ಹೆಸರು ಬರೆದು ಇಟ್ಟಿದ್ದೇವೆ.

ಈ ಕಣಜದ ಕೆಲಸ ಕೇಳಿದರೆ ಮೈ ಜುಮ್ ಅನ್ನುತ್ತದೆ. ಹೆಣ್ಣು ಕಣಜ ಸಣ್ಣ ಕೀಡಿಯನ್ನು ಹುಡುಕಿ, ಚುಚ್ಚಿ, ಅದರ ಮೈಯೊಳಗೆ ಒಂದು ತತ್ತಿ ಇಡುತ್ತದೆ. ತತ್ತಿಯ ಜೊತೆ ಒಂದು ವೈರಸ್ ಕೂಡ ಹೋಗುತ್ತದೆ. ಅದರಿಂದ ಕೀಡಿಯ ರೋಗ ತಡೆಯುವ ಶಕ್ತಿ ಕಡಿಮೆಯಾಗಿ ತತ್ತಿ ಬದುಕುತ್ತದೆ. ಕಣಜದ ಮರಿ ಒಳಗಿಂದ ತಿಂದು ಬೆಳೆಯುತ್ತದೆ. ಕೀಡಿ ಸರಿಯಾಗಿ ಬೆಳೆಯುವುದಿಲ್ಲ. ಸುಮಾರು ಒಂದು ವಾರದ ಮೇಲೆ ಮರಿ ಹೊರಬಂದು ಗೂಡು ಕಟ್ಟುತ್ತದೆ, ಕೀಡಿ ಸಾಯುತ್ತದೆ. ಅಂದರೆ ಕಾಯಿ ಕೊರೆಯುವ ಮೊದಲೇ ಅದರ ಕಥೆ ಮುಗಿಯಿತು. ದೊಡ್ಡ ಕಣಜ ಹೂವಿನ ಮಕರಂದ ಕುಡಿಯುತ್ತದೆ. ಕಡಲೆಯಲ್ಲಿ ಕೊತ್ತಂಬರಿ ಸಾಲು ಹಾಕಿದರೆ ಕಣಜ ಹೆಚ್ಚು ಬರುತ್ತವೆ ಎಂದು ಪಟಾನ್ಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯವರು ಕಂಡಿದ್ದಾರೆ. 1972ರಲ್ಲಿ ಶುರುವಾದ ಆ ಸಂಸ್ಥೆ ಹುಮನಾಬಾದದಿಂದ ಹೈದರಾಬಾದಿಗೆ ಹೋಗುವ ದಾರಿಯಲ್ಲೇ ಇದೆ.

ಅಷ್ಟರಲ್ಲಿ ಅಪ್ಪ ಎಣ್ಣಿ ತಂದಿಟ್ಟಿದ್ದ. ಪಂಪು ತೊಳೆದಿಟ್ಟಿದ್ದ. ಎಣ್ಣಿ ಹೊಡೆದರೆ ಕೀಡಿ ಸಾಯುತ್ತದೋ ಇಲ್ಲವೋ, ಕಣಜ ಮಾತ್ರ ಸಾಯುತ್ತದೆ ಎಂದು ನನಗೆ ಹೆದರಿಕೆ. "ಅಪ್ಪಾ, ಹೊಡಿಯೋಕಿಂತ ಮೊದಲ ಒಂದ್ಸಲ ಎಣಿಸಿ ನೋಡೂಣು" ಅಂದೆ. ಅಪ್ಪ ನಕ್ಕ. "ನಿನ್ನ ಹುಳ ನಂಬಿ ಬೆಳಿ ಹೋದ್ರ ಸಾಲ ಯಾರು ತುಂಬ್ತಾರ ಯವ್ವಾ?" ಎಂದು ಕೇಳಿದ. ಆ ಮಾತೂ ಖರೆ. ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೂ ಅಪ್ಪ ನನ್ನ ಜೊತೆ ಹೊಲಕ್ಕೆ ಬಂದ.

ಒಂದು ಮೀಟರ್ ಸಾಲಿಗೆ ಒಂದು ಕೀಡಿ ಸಿಕ್ಕರೆ ಔಷಧ ಬೇಕು ಎಂದು ಕೃಷಿಯವರು ಹೇಳುತ್ತಾರೆ. ಹೊಲದ ಹತ್ತು ಕಡೆ ಒಂದೊಂದು ಮೀಟರ್ ಅಳೆದು ಎಣಿಸಿದೆವು. ಆರು ಕೀಡಿ ಸಿಕ್ಕವು. ಗೂಡು ಐದು. ಅಪ್ಪ ಒಂದು ಗೂಡನ್ನು ಅಂಗೈ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿದ. "ನಾಕ್ ದಿನ ತಡಿಯೂಣು" ಅಂದ. ಹಕ್ಕಿ ಕೂಡಲು ಅಲ್ಲಲ್ಲಿ ಕಟ್ಟಿಗೆ ನೆಟ್ಟೆವು. ನಾಲ್ಕು ದಿನ ಬಿಟ್ಟು ಅದೇ ಹತ್ತು ಕಡೆ ಎಣಿಸಿದಾಗ ನಾಲ್ಕು ಕೀಡಿ ಇದ್ದವು. ಎಣ್ಣಿ ಡಬ್ಬಿ ಇನ್ನೂ ತೆರೆದಿಲ್ಲ. ಕಾಯಿ ಬಲಿಯುವ ತನಕ ಪ್ರತಿ ವಾರ ಎಣಿಸುತ್ತೇವೆ. ಕೀಡಿ ಬಹಳಾದರೆ ಕಣಜ ಒಂದರಿಂದಲೇ ಆಗುವುದಿಲ್ಲ, ಆಗ ಅಪ್ಪ ಹೊಡೆಯುತ್ತಾನೆ.

ಗೆಳೆಯ ಗೆಳತಿಯರೇ, ನಿಮ್ಮ ಮನೆಯಲ್ಲೂ ಕಡಲೆ ಇದ್ದರೆ ಪಲ್ಯ ಚೂಟುವಾಗ ಎಲೆಯ ಕೆಳಗೆ ನೋಡಿರಿ. ಒಣಗಿದ ಕೀಡಿ ಚರ್ಮದ ಪಕ್ಕ ಬೂದಿ ಬಣ್ಣದ ಗೂಡು ಇದ್ದರೆ ತಿಕ್ಕಬೇಡಿರಿ. ಅದು ನಮಗೆ ಕಚ್ಚುವ ಹುಳ ಅಲ್ಲ. ಎಷ್ಟು ಗೂಡು, ಎಷ್ಟು ಕೀಡಿ ಎಂದು ಬರೆದು ತನ್ನಿರಿ. ಈ ಪತ್ರಿಕೆಯ ಕೆಳಗೆ ಒಂದು ಖಾಲಿ ಹಾಳೆ ಅಂಟಿಸಿದ್ದೇನೆ, ಅದರಲ್ಲಿ ತುಂಬಿರಿ.

— ಏಳನೇ ತರಗತಿಯ ವಿದ್ಯಾರ್ಥಿನಿ