ಅಲ್ಪವಿರಾಮದ ಅನಲ್ಪಕಾರ್ಯ

ಕಲಘಟಗಿ ಸೀಮೆಯ ಬಮ್ಮಿಗಟ್ಟಿಯಲ್ಲಿ ಒಕ್ಕಲು ಮನೆಯ ಹುಡುಗನೊಬ್ಬನು, ಶಾಲೆಯಲ್ಲಿ ಕಲಿತುದನ್ನು ತೋರಿಸುವ ಹುಮ್ಮಸ್ಸಿನಿಂದ, ಪುಣೆಯಲ್ಲಿದ್ದ ಅಣ್ಣನಿಗೆ ಇಂಗ್ಲಿಷಿನಲ್ಲಿ ಕಾಗದ ಬರೆದನು. ಹೊಲ ಇನ್ನೂ ಒಣಗಿಯೇ ಇದೆಯೋ ಎಂದು ಅಣ್ಣನು ಕೇಳಿದ್ದನು. ಹುಡುಗನ ಉತ್ತರ: ‘ನೋ ರೇನ್ ಕೇಮ್.’ ಇಲ್ಲ, ಮಳೆ ಬಂತು ಎಂಬುದು ಅವನ ಅಭಿಪ್ರಾಯ. ‘ನೋ’ ಎಂಬುದರ ಬಳಿಕ ಅಲ್ಪವಿರಾಮವಿಲ್ಲದ್ದರಿಂದ ಅಣ್ಣನು ಮಳೆಯೇ ಬರಲಿಲ್ಲವೆಂದು ತಿಳಿದು, ಬೀಜಕ್ಕೆಂದು ಕೂಡಿಟ್ಟ ಹಣವನ್ನು ಕಳುಹಿಸದೆ ಉಳಿದನು. ಮಣ್ಣಿನ ಹದ ಯಾರಿಗಾಗಿ ಕಾಯುತ್ತದೆ?

ತಪ್ಪಿಗೆ ಕಾರಣ ಮಾತೃಭಾಷೆಯ ಅಭ್ಯಾಸ. ಕನ್ನಡದಲ್ಲಿ ನಿಷೇಧವು ಕ್ರಿಯಾಪದವನ್ನೇ ಸೇರಿಕೊಂಡಿರುತ್ತದೆ. ‘ಬಂತು’ ಬೇರೆ, ‘ಬರಲಿಲ್ಲ’ ಬೇರೆ; ಚಿಹ್ನೆ ಬಿಟ್ಟರೂ ಅರ್ಥ ತಲೆಕೆಳಗಾಗದು. ಪ್ರಶ್ನೆಗೆ ‘ಏ’ ‘ಓ’ಗಳುಂಟು, ಪರರ ಮಾತಿಗೆ ‘ಎಂದು’ ಉಂಟು. ಓಲೆಗರಿಯ ಲಿಪಿಕಾರರು ಪದ್ಯಕ್ಕೆ ಒಂದೆರಡು ದಂಡಗಳನ್ನೆಳೆದು ತೃಪ್ತರಾದರೆ ಆಶ್ಚರ್ಯವೇನು? ಇಂಗ್ಲಿಷಿಗೆ ಪ್ರತ್ಯಯಸಂಪತ್ತು ಅಲ್ಪ. ಆ ಭಾರವನ್ನು ಪದಗಳ ಕ್ರಮವೂ ಈ ಪುಟ್ಟ ಗೆರೆಗಳೂ ಹೊರುತ್ತವೆ. ಉತ್ತರರೂಪವಾದ ‘ಯೆಸ್’ ‘ನೋ’ಗಳ ಬಳಿಕವೂ, ಸಂಬೋಧನೆಯ ಹೆಸರು ವಾಕ್ಯದ ನಡುವೆ ಬಂದರೆ ಅದರ ಇಕ್ಕೆಲದಲ್ಲಿಯೂ ಅಲ್ಪವಿರಾಮ ಬೇಕೇ ಬೇಕು. ಹಾಗೆಂದು ಉಸಿರು ನಿಂತಲ್ಲೆಲ್ಲ ಚಿಮುಕಿಸಲಾಗದು. ಕರ್ತೃವನ್ನು ಅದರ ಕ್ರಿಯೆಯಿಂದ ಒಂಟಿ ಅಲ್ಪವಿರಾಮವು ಅಗಲಿಸಬಾರದು.

ಹುಡುಗನು ಮುಂದಿನ ಕಾಗದವನ್ನು ಕನ್ನಡದಲ್ಲಿ ಬರೆದನು. ಹಣ ಬಂತು, ಬಿತ್ತನೆ ಎಂಟು ದಿನ ತಡವಾಯಿತು.