ಹೊಳೆ ಬಂತು!

ಪುಣೆ ನಿಲ್ದಾಣದಿಂದ ರಾತ್ರಿ ರೈಲು ಹೊರಟಾಗ ನಮ್ಮ ತಂಡದಲ್ಲಿ 26 ಮಂದಿ ಇದ್ದೆವು. ಸಂಘದ ಯುವ ಬಳಗದ 22 ಹುಡುಗ ಹುಡುಗಿಯರು, "ಈ ವಯಸ್ಸಿನಲ್ಲಿ ನಮಗೇಕಪ್ಪಾ ಚಾರಣ" ಎನ್ನುತ್ತಲೇ ಬೂಟು ಕಟ್ಟಿ ಬಂದ ನಾವು ನಾಲ್ವರು ಹಿರಿಯರು. ಮಿರಜ ದಾಟುವ ಮೊದಲೇ ಚಪಾತಿ, ಶೇಂಗಾ ಚಟ್ನಿಯ ಡಬ್ಬಿಗಳು ಖಾಲಿ. ಅಂತ್ಯಾಕ್ಷರಿಯಲ್ಲಿ ಹಿಂದಿ, ಮರಾಠಿ ಹಾಡುಗಳಿಗೆ ಬರವಿರಲಿಲ್ಲ. ಕನ್ನಡದ ಸರದಿ ಬಂದಾಗ ಮಾತ್ರ ಎಲ್ಲರೂ ನಮ್ಮ ಮುಖ ನೋಡುತ್ತಿದ್ದರು. ನಾವು ನಕ್ಕು ಹಾಡಿಬಿಟ್ಟೆವು. ಆ ನಗು ನನಗೆ ಮೂರನೆಯ ದಿನ ಮತ್ತೆ ನೆನಪಾಯಿತು. ಅದನ್ನು ಮುಂದೆ ಹೇಳುತ್ತೇನೆ.

ನಮ್ಮ ಗುರಿ ಉತ್ತರ ಕನ್ನಡ ಜಿಲ್ಲೆ. ಕಾಳಿ, ಬೇಡ್ತಿ, ಅಘನಾಶಿನಿ, ಶರಾವತಿ ಈ ನಾಲ್ಕು ಹೊಳೆಗಳೂ ಇಲ್ಲಿ ಸಹ್ಯಾದ್ರಿಯ ಅಂಚಿನಿಂದ ಧುಮುಕಿ ಅರಬ್ಬಿ ಸಮುದ್ರ ಸೇರುತ್ತವೆ. ನಾವು ಭಾನುವಾರ ಹತ್ತಿಳಿಯುವ ಸಿಂಹಗಡವೂ ಇದೇ ಸಹ್ಯಾದ್ರಿಯ ಕವಲು. ಆದರೆ ಅಲ್ಲಿ ಕಪ್ಪು ಬಂಡೆ, ಬೋಳು ನೆತ್ತಿ. ಇಲ್ಲಿ ನೆತ್ತಿಯ ತನಕ ಕಾಡು. ಹುಬ್ಬಳ್ಳಿಯಲ್ಲಿ ಇಳಿದು ಸುಮಾರು 70 ಕಿಲೋಮೀಟರ್ ಬಸ್ಸಿನಲ್ಲಿ ಬಂದರೆ ಯಲ್ಲಾಪುರ. ಬಯಲುಸೀಮೆಯ ಹತ್ತಿ ಹೊಲಗಳು ಮುಗಿದು, ಹವೆ ತಂಪಾಗಿ, ಅಡಿಕೆ ಮರಗಳು ಎದುರಾಗುವುದು ಕಣ್ಣೆದುರಿಗೇ ನಡೆಯುವ ಸೋಜಿಗ.

ಬಸ್ ನಿಲ್ದಾಣದಲ್ಲಿ ನಮ್ಮ ಮಾರ್ಗದರ್ಶಿ ಕಾದು ನಿಂತಿದ್ದರು. ಗುಂಗುರು ಕೂದಲು, ಕಡುಕಪ್ಪು ಮೈ, ಸೊಂಟದಲ್ಲಿ ಕತ್ತಿ. "ಬನ್ನಿ ತಮ್ಮಾ, ಬಾ ತಂಗೀ, ಚಾ ಕುಡಿದು ಹೊರಡುವಾ" ಎಂದಾಗ ನಮ್ಮ ಹುಡುಗರು ಒಬ್ಬರನ್ನೊಬ್ಬರು ನೋಡಿಕೊಂಡರು. ಅವರು ಸಿದ್ದಿ ಜನಾಂಗದವರು. ಶತಮಾನಗಳ ಹಿಂದೆ ಪೋರ್ಚುಗೀಸರು ಮತ್ತು ಅರಬ್ ವ್ಯಾಪಾರಿಗಳು ಆಫ್ರಿಕಾದಿಂದ ಗುಲಾಮರನ್ನಾಗಿ ತಂದವರ ವಂಶಸ್ಥರು ಯಲ್ಲಾಪುರ, ಹಳಿಯಾಳ, ಅಂಕೋಲಾ ತಾಲೂಕುಗಳ ಕಾಡಿನಂಚಿನಲ್ಲಿ ನೆಲೆಸಿದ್ದಾರೆ. ಅವರಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸಲ್ಮಾನರಿದ್ದಾರೆ. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಮನೆಯಲ್ಲಿ ಕೊಂಕಣಿ ಬೆರೆತ ಮಾತು, ಪೇಟೆಯಲ್ಲಿ ಕನ್ನಡ. ಚಹಾ ಮುಗಿಯುವಷ್ಟರಲ್ಲಿ ಹುಡುಗರಿಗೆಲ್ಲ ಅವರು 'ಕಾಕಾ' ಆಗಿಬಿಟ್ಟಿದ್ದರು.

ಮೊದಲ ದಿನ ಮಾಗೋಡು. ಧಾರವಾಡ, ಹುಬ್ಬಳ್ಳಿಗಳ ಕಡೆಯಿಂದ ಹರಿದು ಬರುವ ಬೇಡ್ತಿ ಹೊಳೆ ಇಲ್ಲಿ ಎರಡು ಹಂತಗಳಲ್ಲಿ ಸುಮಾರು 200 ಮೀಟರ್ ಕೆಳಗಿನ ಕಣಿವೆಗೆ ಬೀಳುತ್ತದೆ. ಹತ್ತಿರ ಹೋಗಲು ದಾರಿಯಿಲ್ಲ. ಎದುರಿನ ಅಂಚಿನಲ್ಲಿ ನಿಂತು ನೋಡಬೇಕು. ಕಣಿವೆಯಿಂದ ಮಂಜು ಏಳುತ್ತದೆ, ಜಲಪಾತ ಮಾಯವಾಗುತ್ತದೆ, ಬರೀ ಸದ್ದು ಉಳಿಯುತ್ತದೆ. ಐದು ನಿಮಿಷ ಕಾದರೆ ಮಂಜು ಸರಿದು ಮತ್ತೆ ಬೆಳ್ಳಗೆ ಕಾಣಿಸಿಕೊಳ್ಳುತ್ತದೆ. ಸಂಜೆ ಜೇನುಕಲ್ಲು ಗುಡ್ಡದಲ್ಲಿ ಕುಳಿತು ಅದೇ ಬೇಡ್ತಿ ಹಸಿರು ಕಣಿವೆಯಲ್ಲಿ ಬಳುಕುತ್ತಾ ಪಡುವಣಕ್ಕೆ ಹೋಗುವುದನ್ನು ನೋಡಿದೆವು. ಮುಂದೆ ಗಂಗಾವಳಿ ಎಂಬ ಹೆಸರಿನಲ್ಲಿ ಅದು ಗೋಕರ್ಣದ ಬಳಿ ಸಮುದ್ರ ಸೇರುತ್ತದೆ.

ಎರಡನೆಯ ದಿನ ಇಡೀ ನಡಿಗೆ. ಅಕ್ಟೋಬರ್ ತಿಂಗಳಾದ್ದರಿಂದ ಉಂಬಳಗಳು ಇನ್ನೂ ಹಸಿದಿದ್ದವು. ಹೊಗೆಸೊಪ್ಪು, ಸುಣ್ಣ ಕಲಸಿ ಕಾಲಿಗೆ ಬಳಿದುಕೊಂಡರೂ ಮಧ್ಯಾಹ್ನದ ಹೊತ್ತಿಗೆ ರಕ್ತದಾನ ಮಾಡದವರು ಒಬ್ಬರೂ ಇರಲಿಲ್ಲ. ಅಡಿಕೆ ತೋಟದ ಮೇಲಿನ ಗುಡ್ಡಗಳಲ್ಲಿ ರೆಂಬೆ ಸವರಿದ ಮರಗಳನ್ನು ತೋರಿಸಿ ಕಾಕಾ ಹೇಳಿದರು: "ಇದು ಸೊಪ್ಪಿನ ಬೆಟ್ಟ. ಇಲ್ಲಿಯ ಸೊಪ್ಪು ತೋಟಕ್ಕೆ ಗೊಬ್ಬರ. ಬೆಟ್ಟ ಹೋದರೆ ತೋಟ ಹೋಯಿತು." ಬೇಡ್ತಿಗೆ ಅಣೆಕಟ್ಟು ಕಟ್ಟುವ ಯೋಜನೆ ಬಂದಾಗ ಈ ಸೀಮೆಯ ರೈತರು ವಿರೋಧಿಸಿದ್ದೂ ಈ ಕಾರಣಕ್ಕೇ. ಬರೀ ಕೂಗಾಡದೆ, ಮುಳುಗುವ ಕಾಡು ತೋಟಗಳ ಬೆಲೆ ಎಷ್ಟೆಂದು ಲೆಕ್ಕ ಹಾಕಿಸಿದರು. 1981ರಲ್ಲಿ ವಿಜ್ಞಾನಿಗಳನ್ನು ಶಿರಸಿಗೆ ಕರೆಸಿ ವಿಚಾರ ಸಂಕಿರಣ ನಡೆಸಿದರು. ಯೋಜನೆ ನಿಂತಿತು. ಎರಡು ವರ್ಷಗಳ ನಂತರ, 1983ರ ಸೆಪ್ಟೆಂಬರಿನಲ್ಲಿ, ಶಿರಸಿಯ ಬಳಿ ಮರಗಳನ್ನು ತಬ್ಬಿ ನಿಂತು 'ಅಪ್ಪಿಕೋ' ಚಳವಳಿ ಆರಂಭಿಸಿದ್ದೂ ಇದೇ ಸೀಮೆಯ ಹಳ್ಳಿಗರು. ರಾತ್ರಿ ತೋಟದ ಮನೆಯೊಂದರಲ್ಲಿ ಅಪ್ಪೆಹುಳಿ, ತಂಬುಳಿ, ಬಿಸಿ ಅನ್ನ, ಕೊನೆಗೆ ಕಾಗದದಷ್ಟು ತೆಳುವಾದ ತೊಡದೇವು. ಆ ಊಟದ ರುಚಿ ಇನ್ನೂ ನಾಲಿಗೆಯ ಮೇಲಿದೆ.

ಮೂರನೆಯ ದಿನ ಸಾತೊಡ್ಡಿ. ಇದರ ಎತ್ತರ ಸುಮಾರು 15 ಮೀಟರ್ ಅಷ್ಟೇ. ಅಗಲವಾದ ಬಂಡೆಯ ಮೇಲಿಂದ ಬಿದ್ದು, ಕಲ್ಲುಗಳ ನಡುವೆ ಹರಿದು, ಕಾಳಿ ನದಿಗೆ ಕಟ್ಟಿದ ಕೊಡಸಳ್ಳಿ ಅಣೆಕಟ್ಟಿನ ಹಿನ್ನೀರು ಸೇರುತ್ತದೆ. ಎರಡು ದಿನ ದೂರದಿಂದ ನೀರು ನೋಡಿ ದಣಿದಿದ್ದ ಹುಡುಗರಿಗೆ ಇದು ಮುಟ್ಟಬಹುದಾದ ಜಲಪಾತ. ಕಾಕಾ ಒಪ್ಪಿಗೆ ಕೊಟ್ಟರು, ಆದರೆ ಒಂದು ಷರತ್ತು: ಕರೆದ ಕೂಡಲೇ ಬರಬೇಕು. ನನ್ನ ಮಗಳೂ ಇನ್ನು ಮೂವರೂ ಹೊಳೆಯ ನಡುವಿನ ಬಂಡೆ ಹತ್ತಿ ಕುಳಿತರು. ತಲೆಯ ಮೇಲೆ ಬಿಸಿಲು. ಗುಡ್ಡದ ಆಚೆ ಎಲ್ಲೋ ಗುಡುಗು.

ಕಾಕಾ ನಮ್ಮ ಜೊತೆ ಹರಟುತ್ತಿದ್ದರೂ ಕಣ್ಣು ನೀರಿನ ಮೇಲೆಯೇ ಇತ್ತು. ಇದ್ದಕ್ಕಿದ್ದಂತೆ ಎದ್ದು ನಿಂತರು. ತರಗೆಲೆಗಳೂ ನೊರೆಯೂ ತೇಲಿ ಬರುತ್ತಿದ್ದವು. ತಿಳಿಯಾಗಿದ್ದ ನೀರಿಗೆ ಸಣ್ಣಗೆ ಕೆಂಪು ತಿರುಗಿತ್ತು. "ಹೊಳೆ ಬಂತು! ಹೊಳೆ ಬಂತು! ಎಲ್ಲ ಮೇಲೆ ಹತ್ತಿ!" ಎಂದು ಕೂಗಿದರು.

ದಡದ ಹತ್ತಿರ ಇದ್ದವರು ಅವರ ದನಿಗೇ ಬೆದರಿ ಓಡಿ ಬಂದರು. ನಡುಬಂಡೆಯ ನಾಲ್ವರು ಮಾತ್ರ ನಕ್ಕರು. "ಹೊಳೆ ಬಂತು ಅಂದ್ರೇನು ಕಾಕಾ? ಹೊಳೆ ಇಲ್ಲೇ ಇದೆಯಲ್ಲ!" ಎಂದು ನನ್ನ ಮಗಳು ಕೂಗಿದಳು. ಇನ್ನೊಬ್ಬ ಐದು ಬೆರಳು ತೋರಿಸಿದ: ಐದು ನಿಮಿಷ.

ನನ್ನ ಊರು ಕೃಷ್ಣೆಯ ದಂಡೆ. 'ಹೊಳಿ ಬಂತು' ಎಂದರೆ ಮಹಾಪೂರ ಬಂತು ಎಂದು ನನಗೆ ಮಾತು ಬಂದ ದಿನದಿಂದ ಗೊತ್ತು. ಆ ಮಾತು ಕೇಳಿದರೆ ನಮ್ಮಜ್ಜಿ ಒಲೆ ಮೇಲಿನ ಅನ್ನ ಬಿಟ್ಟು ಮೊದಲು ದನ ಬಿಚ್ಚುತ್ತಿದ್ದಳು. ಮಗಳಿಗೆ ಅದನ್ನು ನಾನು ಎಂದೂ ಹೇಳಿರಲಿಲ್ಲ. ಪುಣೆಯ ಫ್ಲ್ಯಾಟಿನಲ್ಲಿ ಹೇಳುವ ಸಂದರ್ಭವೇ ಬಂದಿರಲಿಲ್ಲ. ಆ ಗಳಿಗೆಯಲ್ಲಿ ನನ್ನ ಬಾಯಿಂದ ಬಂದದ್ದು ಮರಾಠಿ: "ಪೂರ್ ಆಲಾ! ಪೂರ್ ಆಲಾ!"

ಅವಳ ನಗು ಅಲ್ಲಿಗೇ ನಿಂತಿತು. ಕಾಕಾ ಆಗಲೇ ಮೊಣಕಾಲುದ್ದ ನೀರಿಗೆ ಇಳಿದಿದ್ದರು. ಅವರ ಹಿಂದೆ ಇಬ್ಬರು ಹುಡುಗರು ಕೈ ಕೈ ಹಿಡಿದು ಸರಪಳಿ ಮಾಡಿದರು. ನಾಲ್ವರನ್ನೂ ಒಬ್ಬೊಬ್ಬರನ್ನಾಗಿ ಎಳೆದುಕೊಂಡರು. ನಾಲ್ಕನೆಯವನು ದಡ ಸೇರುವಾಗ ನೀರು ಸೊಂಟಕ್ಕೆ ಬಂದಿತ್ತು. ಸ್ವಲ್ಪ ಹೊತ್ತಿನಲ್ಲೇ ಆ ಬಂಡೆ ಇತ್ತೆಂಬ ಗುರುತೂ ಇರಲಿಲ್ಲ. ಒಂದು ಚೀಲ, ಎರಡು ಜೊತೆ ಬೂಟು ಕಾಳಿಯ ಪಾಲಾದವು. ನಮ್ಮ ಮೇಲೆ ಒಂದು ಹನಿ ಮಳೆಯೂ ಬಿದ್ದಿರಲಿಲ್ಲ.

ಆ ರಾತ್ರಿ ಯಾರೂ ಅಂತ್ಯಾಕ್ಷರಿಯ ಮಾತೆತ್ತಲಿಲ್ಲ. ಮಗಳು ನನ್ನ ಪಕ್ಕ ಬಂದು ಕುಳಿತು, "ಅಪ್ಪಾ, ಇಂಥ ಮಾತು ಇನ್ನೂ ಎಷ್ಟು ಇವೆ?" ಎಂದಳು. ನನಗೆ ಉತ್ತರ ಹೊಳೆಯಲಿಲ್ಲ. ಉತ್ತರ ಕೊಟ್ಟವರು ಕಾಕಾ. ಹಳ್ಳ ಬೇರೆ, ಹೊಳೆ ಬೇರೆ. ನೀರು ಬೀಳುವುದು ಅಬ್ಬಿ, ದೊಡ್ಡದಾದರೆ ಜೋಗ. ಆಳವಾಗಿ ನಿಂತದ್ದು ಮಡು, ಎಳೆಯುವುದು ಸೆಳವು, ತಿರುಗುವುದು ಸುಳಿ. ಸಮುದ್ರಕ್ಕೆ ಸೇರುವಲ್ಲಿ ಅಳಿವೆ. ಮಳೆ ಬಿಟ್ಟರೆ ಹೊಳವಾಯಿತು. ಹುಡುಗರು ಟಿಪ್ಪಣಿ ಪುಸ್ತಕ ತೆಗೆದು, ಕೆಲವರು ಕನ್ನಡದಲ್ಲಿ, ಕೆಲವರು ದೇವನಾಗರಿಯಲ್ಲಿ ಬರೆದುಕೊಂಡರು.

"ನಿಮ್ಮ ಆಫ್ರಿಕಾದ ಭಾಷೆಯಲ್ಲಿ ಹೊಳೆಗೆ ಏನಂತಾರೆ ಕಾಕಾ?" ಎಂದು ಒಬ್ಬ ಕೇಳಿದ.

ಅವರು ಬೀಡಿ ಆರಿಸಿದರು. "ಗೊತ್ತಿಲ್ಲ ತಮ್ಮಾ. ಡಮಾಮಿ ಬಡಿಯೋದು ಉಳಿದಿದೆ, ಕುಣಿತ ಉಳಿದಿದೆ. ಮಾತು ಯಾವ ಅಜ್ಜನ ಕಾಲಕ್ಕೆ ಹೋಯಿತೋ. ನಮ್ಮವರನ್ನು ಕಟ್ಟಿ ತಂದರು, ಉಳಿಸಿಕೊಳ್ಳುವ ಹಾಗಿರಲಿಲ್ಲ. ನಿಮ್ಮನ್ನು ಯಾರೂ ಕಟ್ಟಿ ಒಯ್ದಿಲ್ಲವಲ್ಲ."

ಕೊನೆಯ ದಿನ ಶಿರಸಿಯ ಮೇಲಿಂದ ಉಂಚಳ್ಳಿಗೆ ಹೋದೆವು. ಅಘನಾಶಿನಿ ಇಲ್ಲಿ 116 ಮೀಟರ್ ಧುಮುಕುತ್ತಾಳೆ. ಬ್ರಿಟಿಷ್ ಅಧಿಕಾರಿ ಲುಷಿಂಗ್ಟನ್ ಹೆಸರಿನಲ್ಲಿ ನಕ್ಷೆ ಸೇರಿದ ಈ ಜಲಪಾತಕ್ಕೆ ಊರವರು ಇಟ್ಟ ಹೆಸರು ಕೆಪ್ಪ ಜೋಗ, ಅಂದರೆ ಕಿವಿ ಕೆಪ್ಪಾಗಿಸುವ ಜೋಗ. ಶರಾವತಿಯ ಜೋಗಕ್ಕೆ ನೀರು ಬೇಕಾದರೆ 1964ರ ಲಿಂಗನಮಕ್ಕಿ ಅಣೆಕಟ್ಟಿನ ಕೃಪೆ ಬೇಕು. ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ; ಅವಳ ನೀರು ಅವಳದೇ. ಸಿಂಗಳೀಕಗಳಿರುವ ಈ ಕಾಡನ್ನು 2011ರಲ್ಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಗಿದೆ. ಮೆಟ್ಟಿಲಿಳಿದು ವೀಕ್ಷಣಾ ಕಟ್ಟೆಯ ಬಳಿ ನಿಂತಾಗ ಮಗಳು ನನ್ನ ಕಿವಿಯ ಹತ್ತಿರ ಬಾಯಿಟ್ಟು ಏನೋ ಕೂಗಿದಳು. ಕೇಳಿಸಲಿಲ್ಲ. ತುಟಿ ನೋಡಿ ತಿಳಿದುಕೊಂಡೆ: 'ಸೆಳವು', 'ಮಡು', 'ಸುಳಿ'. ಪಾಠ ಒಪ್ಪಿಸುತ್ತಿದ್ದಳು.

ಹೋಗುವ ಮನಸ್ಸಿರುವ ಗೆಳೆಯರಿಗೆ ನಾಲ್ಕು ಮಾತು. ಮಳೆಗಾಲ ಮುಗಿದ ಮೇಲೆ, ಅಕ್ಟೋಬರಿನಿಂದ ಜನವರಿಯೊಳಗೆ ಹೋಗಿ. ಊರಿನ ಮಾರ್ಗದರ್ಶಿ ಇಲ್ಲದೆ ಕಾಡು ಹೊಗಬೇಡಿ. ಉಪ್ಪು, ಸುಣ್ಣ, ಹಗ್ಗ, ಒಂದು ಜೊತೆ ಒಣಬಟ್ಟೆ ಇರಲಿ. ಪ್ಲಾಸ್ಟಿಕ್ ಒಯ್ದರೆ ವಾಪಸು ತನ್ನಿ. ಹೊರಡುವ ಮುನ್ನ ಮನೆಯ ಅಜ್ಜಿ ಅಜ್ಜನ ಹತ್ತಿರ ಅರ್ಧ ಗಂಟೆ ಕುಳಿತು, ಅವರ ಊರಿನ ಹೊಳೆಯ ಬಗ್ಗೆ ಕೇಳಿ. ನೀರು ಕೆಂಪಾದಾಗ ಜನ ಏನೆಂದು ಕೂಗುತ್ತಿದ್ದರು ಎಂದೂ ಕೇಳಿಕೊಳ್ಳಿ.