ಬಾವಿಗೆ ಇಳಿಸಿದ ದೀಪ

ಮದರಾಸಿಗೆ ಬಂದು ನೆಲೆಸುವ ಕನ್ನಡಿಗರು ಮೊದಲು ಕಲಿಯುವ ತಮಿಳು ಮಾತು ಯಾವುದೆಂದು ಯಾರಾದರೂ ಕೇಳಿದರೆ, ನಾವು ಹಿಂದುಮುಂದು ನೋಡದೆ ‘ತಣ್ಣಿ’ ಎಂದುಬಿಡುತ್ತೇವೆ. ‘ತಣ್ಣಿ ವಂದಾಚ್ಚಾ?’ ನೀರು ಬಂತೇ ಎಂಬ ಈ ಪ್ರಶ್ನೆಯೇ ಇಲ್ಲಿ ನಮ್ಮ ಸುಪ್ರಭಾತ. 1996ರಲ್ಲಿ ಊರಿನ ಹೆಸರು ಚೆನ್ನೈ ಎಂದು ಬದಲಾಯಿತು. ಸುಪ್ರಭಾತ ಮಾತ್ರ ಬದಲಾಗಲಿಲ್ಲ.

ನಾವಿರುವುದು ಮೂರು ಅಂತಸ್ತಿನ, ಹನ್ನೆರಡು ಮನೆಗಳ ಕಟ್ಟಡದಲ್ಲಿ. 2003ರಲ್ಲಿ ತಮಿಳುನಾಡು ಸರ್ಕಾರ ಎಲ್ಲ ಕಟ್ಟಡಗಳಿಗೂ ಮಳೆನೀರು ಕೊಯ್ಲನ್ನು ಕಡ್ಡಾಯ ಮಾಡಿತು. ಗಡುವು ಹತ್ತಿರ ಬಂದಾಗ ಊರಿಗೆ ಊರೇ ಪೈಪು ಕೊಳ್ಳಲು ಓಡಿತು. ಬಾಯಾರಿದಾಗ ಬಾವಿ ತೋಡುವವರ ಸಾಲಿನಲ್ಲಿ ನಾವೂ ನಿಂತೆವು. ಒಬ್ಬ ಗುತ್ತಿಗೆದಾರ ಸಿಕ್ಕಿದ. ಎರಡೇ ದಿನದಲ್ಲಿ ತಾರಸಿಯಿಂದ ನೆಲದವರೆಗೆ ಹೊಸ ಪೈಪು ಹೊಳೆಯತೊಡಗಿತು. ಅವನು ಹಣ ಪಡೆದ, ನಾವು ಕಾಗದಕ್ಕೆ ಸಹಿ ಹಾಕಿದೆವು. ಪೈಪಿನ ಕೊನೆ ಎಲ್ಲಿಗೆ ಹೋಗುತ್ತದೆಂದು ಹನ್ನೆರಡು ಮನೆಯವರಲ್ಲಿ ಒಬ್ಬರಾದರೂ ಬಗ್ಗಿ ನೋಡಲಿಲ್ಲ.

ನೋಡಿದ್ದು 2019ರ ಬೇಸಿಗೆಯಲ್ಲಿ. ಪೂಂಡಿ, ಚೋಳಾವರಂ, ರೆಡ್ ಹಿಲ್ಸ್, ಚೆಂಬರಂಬಾಕ್ಕಂ – ಊರಿಗೆ ನೀರುಣಿಸುವ ನಾಲ್ಕೂ ಕೆರೆಗಳು ಬರಿದಾಗಿದ್ದವು. ಜುಲೈಯಲ್ಲಿ ಜೋಲಾರ್‌ಪೇಟೆಯಿಂದ ರೈಲಿನಲ್ಲಿ ನೀರು ಬಂತು. ನಮ್ಮ ಬೋರ್‌ವೆಲ್ ಬರೀ ಗಾಳಿ ಉಗುಳಿತು. ಟ್ಯಾಂಕರಿನವನ ಮುಂದೆ ಕೈಮುಗಿದು ನಿಲ್ಲುವ ದಿನಗಳು ಬಂದವು. ಆಗ ಯಾರಿಗೋ ಆ ಹಳೆಯ ಪೈಪಿನ ನೆನಪಾಗಿ ಅದರ ಬುಡ ಅಗೆಸಿದೆವು. ಒಂದಡಿ ಆಳಕ್ಕೆ ಪೈಪು ಮುಗಿದಿತ್ತು! ಇಂಗುಗುಂಡಿಯಿಲ್ಲ, ಜಲ್ಲಿಯಿಲ್ಲ, ಮರಳಿಲ್ಲ. ಗಟ್ಟಿಮಣ್ಣಿಗೆ ಚುಚ್ಚಿ ನಿಲ್ಲಿಸಿದ ಕೊಳವೆ ಅಷ್ಟೆ. ಹದಿನಾರು ವರ್ಷದ ಮಳೆ ಅಲ್ಲಿಂದ ಉಕ್ಕಿ ರಸ್ತೆಗೆ ಹೋಗಿತ್ತು. ಗುತ್ತಿಗೆದಾರನನ್ನು ಬೈಯುವುದು ಸುಲಭ, ಬೈದೆವು. ಆದರೆ ಸಹಿ ನಮ್ಮದಲ್ಲವೇ?

ಆ ರಾತ್ರಿ ಕಾಗದ ಪೆನ್ಸಿಲು ಹಿಡಿದು ಲೆಕ್ಕ ಹಾಕಿದೆವು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು ನೀರು. ನಮ್ಮ ತಾರಸಿ ಸುಮಾರು 200 ಚದರ ಮೀಟರು. ಚೆನ್ನೈಯಲ್ಲಿ ವರ್ಷಕ್ಕೆ ಸರಾಸರಿ 1,400 ಮಿಲಿಮೀಟರು ಮಳೆ. ಅಂದರೆ 2,80,000 ಲೀಟರು! ಐದರಲ್ಲೊಂದು ಪಾಲು ಹೋಯಿತೆಂದರೂ 12,000 ಲೀಟರಿನ ಟ್ಯಾಂಕರು ಹದಿನೆಂಟು ತುಂಬುತ್ತವೆ. ಪ್ರತಿವರ್ಷ ಹದಿನೆಂಟು ಟ್ಯಾಂಕರನ್ನು ಚರಂಡಿಗೆ ಬಿಟ್ಟು, ಹತ್ತೊಂಬತ್ತನೆಯದಕ್ಕೆ ನಾವು ದುಡ್ಡು ಕೊಡುತ್ತಿದ್ದೆವು.

ಕಟ್ಟಡದ ಹಿಂಬದಿಯಲ್ಲಿ ಹಳೆಯ ಮನೆಯ ಕಾಲದ ಬಾವಿಯೊಂದಿತ್ತು. ಕಟ್ಟಿಸಿದವರು ಅದರ ಮೇಲೆ ಕಲ್ಲುಚಪ್ಪಡಿ ಮುಚ್ಚಿ ಸ್ಕೂಟರು ನಿಲ್ಲಿಸಲು ಜಾಗ ಮಾಡಿದ್ದರು. ತಾರಸಿಯ ನೀರನ್ನು ಅದಕ್ಕೇ ಬಿಡುವುದೆಂದು ತೀರ್ಮಾನವಾಯಿತು. ಈ ಸಲ ಬೇರೆ ಗುತ್ತಿಗೆದಾರ. ಚಪ್ಪಡಿ ಎತ್ತಿಸಿದವನೇ ಹೂಳು ತೆಗೆಯಲು ಇಪ್ಪತ್ತರ ಹುಡುಗನೊಬ್ಬನ ಸೊಂಟಕ್ಕೆ ಹಗ್ಗ ಕಟ್ಟಿದ.

ನಮ್ಮ ಅಮ್ಮ ತಿಪಟೂರಿನ ಕಡೆಯವರು, ಬಾವಿ ನೀರು ಕುಡಿದು ಬೆಳೆದವರು. ಮೇಲಿನ ಕಿಟಕಿಯಿಂದ ಇದನ್ನು ನೋಡಿ, ‘ಅವನನ್ನು ಇಳಿಸಬೇಡಿ! ಮೊದಲು ದೀಪ ಇಳಿಸಿ!’ ಎಂದು ಕೂಗಿದರು. ಗುತ್ತಿಗೆದಾರನಿಗೆ ಕನ್ನಡ ತಿಳಿಯದು. ತಿಳಿದ ನಮಗೂ ಇದೆಲ್ಲ ಹಳೇ ಕಾಲದ ಶಾಸ್ತ್ರ ಎನಿಸಿತು. ಆದರೂ ಅಮ್ಮನ ಮಾತು ಮೀರುವಂತಿಲ್ಲ. ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಸಿದೆವು. ಹತ್ತಡಿ, ಹದಿನೈದಡಿ ಚೆನ್ನಾಗಿಯೇ ಉರಿಯಿತು. ಇಪ್ಪತ್ತಡಿಗೆ ಸಣ್ಣಗಾಯಿತು, ಮತ್ತೆರಡಡಿಗೆ ಆರಿಯೇ ಹೋಯಿತು. ಮತ್ತೆ ಹೊತ್ತಿಸಿ ಇಳಿಸಿದೆವು. ಅಲ್ಲಿಗೇ ಬಂದು ಆರಿತು.

ಯಾರೂ ಮಾತಾಡಲಿಲ್ಲ. ಹುಡುಗ ತಾನಾಗಿಯೇ ಸೊಂಟದ ಹಗ್ಗ ಬಿಚ್ಚಿದ.

ಸಂಜೆ ಅಮ್ಮ ಹೇಳಿದರು: ಅವರ ಸೋದರಮಾವ ಹೀಗೆಯೇ ಪಾಳುಬಾವಿಗೆ ಇಳಿದು ಮೇಲೆ ಬರಲಿಲ್ಲ, ಅವರನ್ನು ಎತ್ತಲು ಇಳಿದ ಆಳೂ ಬರಲಿಲ್ಲ. ಬಹುಕಾಲ ಮುಚ್ಚಿದ ಬಾವಿಯಲ್ಲಿ ಪ್ರಾಣವಾಯು ಕಡಿಮೆಯಾಗಿ, ಭಾರವಾದ ಇಂಗಾಲದ ಡೈಆಕ್ಸೈಡು ತಳದಲ್ಲಿ ಕೂತಿರುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಒಂದು ಮಾತು ಇಲ್ಲೇ ಹೇಳಬೇಕು: ದೀಪವೊಂದನ್ನೇ ನಂಬಬಾರದು. ಕಕ್ಕಸುಗುಂಡಿ, ಒಳಚರಂಡಿಗಳಲ್ಲಿ ಉರಿಯುವ ಅನಿಲವಿರುವುದರಿಂದ ಅಲ್ಲಿ ದೀಪವೇ ಸಿಡಿಲಾದೀತು. ಈಗ ಗಾಳಿಯನ್ನು ಅಳೆಯುವ ಯಂತ್ರಗಳಿವೆ, ಅವನ್ನೇ ಕೇಳಿ ತರಿಸಬೇಕು. ಒಳಚರಂಡಿ, ಕಕ್ಕಸುಗುಂಡಿಗಳಿಗೆ ರಕ್ಷಣೆಯ ಸಾಧನಗಳಿಲ್ಲದೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯಿದೆ ನಿಷೇಧಿಸಿದೆ. ಇಳಿಸುವವನು ಗುತ್ತಿಗೆದಾರನಾದರೂ ಕರೆಸುವವರು ನಮ್ಮಂಥ ಮನೆಯವರೇ.

ಬಾವಿಗೆ ಗಾಳಿ ಊದಿಸಿ, ಯಂತ್ರದಿಂದ ಪರೀಕ್ಷೆ ಮಾಡಿಸಿದ ಮೇಲೆಯೇ ಕೆಲಸ ನಡೆಯಿತು. ಈ ಸಲ ನಾವು ಕುರ್ಚಿ ಹಾಕಿಕೊಂಡು ಎದುರಿಗೇ ಕೂತೆವು. ಬಾವಿಯ ಪಕ್ಕದಲ್ಲಿ ಶೋಧಕದ ತೊಟ್ಟಿ. ಅದರೊಳಗೆ ದಪ್ಪ ಜಲ್ಲಿ, ಸಣ್ಣ ಜಲ್ಲಿ, ಮರಳು. ತಾರಸಿಯ ಧೂಳು ತೊಳೆದು ಬರುವ ಮೊದಲ ಮಳೆಯನ್ನು ಹೊರಗೆ ಬಿಡಲು ಬೇರೆ ಬಾಯಿ. ಬಚ್ಚಲ ನೀರು ಹತ್ತಿರ ಸುಳಿಯದಂತೆ ಕಟ್ಟೆ. ಬಾವಿಯ ಬಾಯಿಗೆ ಕಬ್ಬಿಣದ ಜಾಲರಿ. ಪೈಪಿನ ಕೊನೆಯನ್ನು ಹನ್ನೆರಡು ಮನೆಯವರೂ ಸಾಲಾಗಿ ಬಂದು, ದೇವರ ದರ್ಶನ ಮಾಡುವಂತೆ ಬಗ್ಗಿ ನೋಡಿದರು.

ಅಕ್ಟೋಬರಿನ ಮಳೆ ಬಂದ ರಾತ್ರಿ ನಮಗೆ ನಿದ್ದೆಯಿಲ್ಲ. ಟಾರ್ಚು ಹಿಡಿದು ಇಳಿದರೆ ಪಕ್ಕದ ಮನೆಯ ಅಯ್ಯರ್ ಮಾಮ ಆಗಲೇ ಕೊಡೆ ಹಿಡಿದು ನಿಂತಿದ್ದರು. ಬಾವಿಯೊಳಗೆ ನೀರು ಬೀಳುವ ಸದ್ದನ್ನು ಇಬ್ಬರೂ ಸುಮ್ಮನೆ ನಿಂತು ಕೇಳಿದೆವು.

ಈ ಊರಿನ ನಲ್ಲಿಯಲ್ಲಿ 2004ರಿಂದ ವೀರಾಣಂ ಕೆರೆಯ ನೀರೂ ಬರುತ್ತಿದೆ. ಆ ಕೆರೆಗೆ ನೀರು ಬರುವುದು ಕೊಳ್ಳಿಡಂ ನದಿಯಿಂದ, ಕೊಳ್ಳಿಡಂಗೆ ಬರುವುದು ಕಾವೇರಿಯಿಂದ. ಕಾವೇರಿಯ ಹೆಸರೆತ್ತಿದರೆ ಎರಡೂ ಕಡೆ ಧ್ವನಿ ಏರುವ ಕಾಲದಲ್ಲಿ, ಚೆನ್ನೈಯ ಕನ್ನಡಿಗರಾದ ನಾವು ಬಾಯಿ ಮುಚ್ಚಿ ಕೊಡ ತುಂಬಿಸಿಕೊಂಡವರು. ಯಾರಿಗೆ ಎಷ್ಟು ಎಂಬುದನ್ನು ತೀರ್ಮಾನಿಸಲು ದೊಡ್ಡವರಿದ್ದಾರೆ. ನಮ್ಮ ತಾರಸಿಯ ಮೇಲೆ ಬಿದ್ದದ್ದರ ಲೆಕ್ಕ ಮಾತ್ರ ನಮ್ಮದೇ.

ಅಮ್ಮ ಈಗಿಲ್ಲ. ಲಾಟೀನು ಮೆಟ್ಟಿಲ ಕೆಳಗಿನ ಗೂಡಿನಲ್ಲಿದೆ. ಪ್ರತಿವರ್ಷ ಮಳೆಗೆ ಮುಂಚೆ ತೊಟ್ಟಿಯ ಮರಳು ತೊಳೆಸುವ ದಿನ ಅದರ ಗಾಜನ್ನೂ ಒರೆಸಿಡುತ್ತೇವೆ. ನೀವೂ ಒಮ್ಮೆ ಬಿಡುವು ಮಾಡಿಕೊಂಡು ನಿಮ್ಮ ಕಟ್ಟಡದ ಪೈಪು ಎಲ್ಲಿ ಕೊನೆಯಾಗುತ್ತದೆಂದು ನೋಡಿ ಬನ್ನಿ.